ಕೊಟ್ಟ ಕಟ್ಟಿಗೆಯನ್ನು ಹುಡುಕಿಕೊಂಡು ಹೋದ ದಿನ

ರಸ್ತೆ ಕೆಲಸಕ್ಕೆ ಹೊಸದಾಗಿ ಸೇರಿದವರು ಇದನ್ನು ಓದುತ್ತಿದ್ದರೆ, ಡಾಂಬರಿನ ಬಗ್ಗೆಯಾಗಲಿ ಜಲ್ಲಿಯ ಬಗ್ಗೆಯಾಗಲಿ ನಾನು ಏನೂ ಹೇಳುವುದಿಲ್ಲ. ಅದನ್ನು ನಿಮಗೆ ಕಾಲೇಜಿನಲ್ಲಿ ನನಗಿಂತ ಚೆನ್ನಾಗಿ ಹೇಳಿಕೊಟ್ಟಿರುತ್ತಾರೆ. ರಸ್ತೆಗಾಗಿ ಕಡಿದ ಮರದ ಕಟ್ಟಿಗೆಯನ್ನು ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನಗೂ ಹೇಳಿಕೊಡಲಿಲ್ಲ. ಕಲಿತ ರೀತಿ ಹೇಳಿಕೊಳ್ಳುವಂಥದ್ದಲ್ಲ. ಆದರೂ ಹೇಳುತ್ತೇನೆ.

ನಮ್ಮ ಊರು ವಿಜಯಪುರದ ಕಡೆ. ಅಪ್ಪ ರೈಲ್ವೆಯಲ್ಲಿದ್ದರು, ವರ್ಗವಾಗಿ ನಾಗಪುರಕ್ಕೆ ಬಂದರು, ನಾನು ಇಲ್ಲೇ ಡಿಪ್ಲೊಮಾ ಓದಿ ಇಲ್ಲೇ ರಸ್ತೆ ಕೆಲಸದ ಮೇಲ್ವಿಚಾರಕನಾದೆ. ಪಾಟೀಲ ಎಂಬ ಅಡ್ಡಹೆಸರಿನಿಂದಾಗಿ ಕಚೇರಿಯಲ್ಲಿ ಎಲ್ಲರೂ ನನ್ನನ್ನು ಮರಾಠಿಯವನೆಂದೇ ತಿಳಿದಿದ್ದರು. ಮನೆಯಿಂದ ಫೋನು ಬಂದಾಗ ನಾನು "ಹ್ಞಾಂ, ಬರ್ತೀನಿ, ಅನ್ನಕ್ಕ ಇಡು" ಎಂದದ್ದು ಕೇಳಿದ ಮೇಲೆಯೇ ಕೆಲವರಿಗೆ ಗುಟ್ಟು ಗೊತ್ತಾದದ್ದು.

ರಸ್ತೆ ಅಗಲ ಮಾಡುವಾಗ ಅಡ್ಡ ಬರುವ ಮರಗಳಿಗೆ ಮೊದಲು ನಂಬರು ಬರೆಯುತ್ತಾರೆ. ಅನುಮತಿ ಬಂದ ಮೇಲೆ ಕಡಿಯುತ್ತಾರೆ. ದಪ್ಪ ದಿಮ್ಮಿಗಳನ್ನು ಅಳೆದು ಡಿಪೋಗೆ ಕಳಿಸಬೇಕು, ಅದರಲ್ಲಿ ಒಂದು ಚೂರೂ ಆಚೀಚೆ ಆಗುವಂತಿಲ್ಲ. ಉಳಿದ ರೆಂಬೆ, ಕೊಂಬೆ, ಕಡ್ಡಿ ಯಾರಿಗೂ ಬೇಡವಾದದ್ದು. ಅದು ರಸ್ತೆಯ ಮೇಲೆ ಬಿದ್ದಿದ್ದರೆ ಟ್ರಾಫಿಕ್ಕಿಗೆ ತೊಂದರೆ, ಟಿಪ್ಪರಿನಲ್ಲಿ ಹೊರಹಾಕಿಸಿದರೆ ಅರ್ಧ ದಿನ ಹಾಳು. ಅಕ್ಕಪಕ್ಕದ ಜನ ಬಂದು ಹೊತ್ತುಕೊಂಡು ಹೋದರೆ ಅವರಿಗೆ ಬಿಟ್ಟಿ ಕಟ್ಟಿಗೆ, ನಮಗೆ ಚೊಕ್ಕ ರಸ್ತೆ. ಇಷ್ಟು ಸರಳ ವ್ಯವಹಾರ ಎಂದುಕೊಂಡೇ ನಾನು ಕೆಲಸ ಶುರು ಮಾಡಿದ್ದೆ.

ಮೊದಲ ವರ್ಷವೇ ಜಗಳವಾಯಿತು. ಒಂದು ದೊಡ್ಡ ಹುಣಸೆಮರ ಉರುಳಿಸಿದ್ದೆವು. ಹುಣಸೆ ಒಳ್ಳೆಯ ಕಾವು ಕೊಡುವ ಕಟ್ಟಿಗೆ. "ಯಾರು ಬೇಕಾದರೂ ಒಯ್ಯಿರಿ" ಎಂದು ನಾನು ಉದಾರವಾಗಿ ಕೂಗಿದೆ. ಎರಡು ಓಣಿಯ ಜನ ಒಮ್ಮೆಗೇ ಮುಗಿಬಿದ್ದರು. ಒಬ್ಬಳು ಹಿಡಿದ ಕೊಂಬೆಯ ಇನ್ನೊಂದು ತುದಿಯನ್ನು ಇನ್ನೊಬ್ಬಳು ಹಿಡಿದಿದ್ದಳು. ಗರಗಸ ಇನ್ನೂ ನಿಂತಿರಲಿಲ್ಲ, ಹಗ್ಗ ಇನ್ನೂ ಬಿಗಿಯಾಗಿತ್ತು, ಅದರ ಕೆಳಗೇ ನುಗ್ಗಾಟ. ಯಾರ ತಲೆಯ ಮೇಲೂ ಏನೂ ಬೀಳಲಿಲ್ಲ ಎಂಬುದು ಆ ದಿನದ ಪುಣ್ಯ.

ಆಗ ನನ್ನ ಮೇಲಿನ ಅಧಿಕಾರಿಯಾಗಿದ್ದವರು ಕಾಳೆ ಸಾಹೇಬರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ತಮ್ಮ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ಕು ತೆಗೆದು ನನ್ನ ಕೈಗಿಟ್ಟು, "ನಾವ್ ಲಿಹೂನ್ ಘೇ" ಎಂದರು. ಹೆಸರು ಬರೆದುಕೋ ಎಂದರ್ಥ. ಮೊದಲು ಹೆಸರು, ಮನೆ ಎಲ್ಲಿ ಎಂಬ ಗುರುತು, ಆಮೇಲೆ ಗರಗಸ ನಿಂತು, ಹಗ್ಗ ಬಿಚ್ಚಿ, ಗ್ಯಾಂಗಿನವರು ಊಟಕ್ಕೆ ಕುಳಿತ ಮೇಲೆ ಒಬ್ಬೊಬ್ಬರಿಗೆ ಒಂದೊಂದು ರಾಶಿ. "ಹೆಸರು ಬರೆಸಿಕೊಂಡವನು ಜಗಳ ಆಡುವುದಿಲ್ಲ" ಎಂದು ಮರಾಠಿಯಲ್ಲಿ ಹೇಳಿ ಅವರು ಜೀಪು ಹತ್ತಿದರು. ಆ ಪದ್ಧತಿಯನ್ನು ನಾನು ನಿವೃತ್ತಿಯವರೆಗೂ ಬಿಡಲಿಲ್ಲ. ಮುಂದೆ ಅದು ಜಗಳ ತಪ್ಪಿಸುವುದಕ್ಕಿಂತ ದೊಡ್ಡ ಕೆಲಸಕ್ಕೆ ಬಂತು.

ಕಟ್ಟಿಗೆಗೆ ಬಡವರೇ ಬರುತ್ತಾರೆಂದು ತಿಳಿಯಬೇಡಿ. ನಾಗಪುರದ ಬೇಸಿಗೆ ಎಲ್ಲರಿಗೂ ಗೊತ್ತು, ಚಳಿ ಎಷ್ಟು ಎಂಬುದು ಇಲ್ಲಿ ವಾಸ ಮಾಡಿದವರಿಗಷ್ಟೇ ಗೊತ್ತು. ಲಕ್ಷ್ಮೀ ನಗರದ ದೊಡ್ಡ ಮನೆಯೊಂದರ ಅಜ್ಜಿ ಪ್ರತಿ ಚಳಿಗಾಲ ನೀರು ಕಾಯಿಸುವ ತಾಮ್ರದ ಬಂಬಕ್ಕೆ ಕಟ್ಟಿಗೆ ಕೇಳಿಕೊಂಡು ಆಟೊದಲ್ಲಿ ಬರುತ್ತಿದ್ದರು. ಮನೆಯಲ್ಲಿ ಗೀಸರ್ ಇತ್ತು, ಅದರ ನೀರು ಮೈಗೆ ಹತ್ತುವುದಿಲ್ಲ ಎಂಬುದು ಅವರ ವಾದ. ಒಮ್ಮೆ ನಾನು ಅವರಿಗೆ ಆಗಷ್ಟೇ ಕಡಿದ ಹಸಿ ಗುಲ್‌ಮೊಹರ್ ಕೊಟ್ಟುಬಿಟ್ಟೆ. ಮರುದಿನ ಅದೇ ಆಟೊದಲ್ಲಿ ಅದೇ ಕಟ್ಟಿಗೆ ವಾಪಸ್ ಬಂತು. ಅಜ್ಜಿಯ ಕಣ್ಣು ಹೊಗೆಗೆ ಕೆಂಪಾಗಿತ್ತು, ಸಿಟ್ಟಿಗೂ ಇರಬಹುದು. "ಇದು ಕಟ್ಟಿಗೆಯೋ, ನೀರಿನ ಪೈಪೋ?" ಎಂದು ಎಲ್ಲರೆದುರು ಕೇಳಿದರು.

ಕಟ್ಟಿಗೆಯ ಬಗ್ಗೆ ನನಗೆ ಕಲಿಸಿದ್ದು ಆ ಅಜ್ಜಿ ಮತ್ತು ನಮ್ಮ ಗ್ಯಾಂಗಿನ ವಿಮಲಾಬಾಯಿ. ವಿಮಲಾಬಾಯಿ ಸಲಿಕೆ ಹಿಡಿದು ಕೆಲಸಕ್ಕೆ ಸೇರಿ ಗ್ಯಾಂಗಿನ ಮುಖ್ಯಸ್ಥೆಯಾದವಳು. ಜಾಲಿ ಕಾವಿಗೆ ಒಳ್ಳೆಯದು, ಸುಬಾಬುಲ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಬೇವು ಒಣಗದಿದ್ದರೆ ಹೊಗೆ, ಆಲ ಅರಳಿಯನ್ನು ಯಾರೂ ಮನೆಯ ಒಲೆಗೆ ಒಯ್ಯುವುದಿಲ್ಲ. ಇವೆಲ್ಲ ಅವಳ ಪಾಠ. ಕೈಗರಗಸ ಹೋಗಿ ಯಂತ್ರದ ಗರಗಸ ಬಂದಾಗ ಎಲ್ಲರಿಗಿಂತ ಮೊದಲು ಕಾಂಡವನ್ನು ತಟ್ಟಿ ನೋಡುವ ರೂಢಿ ಮಾಡಿಸಿದವಳೂ ಅವಳೇ, ಏಕೆಂದರೆ ಜನ ಬೋರ್ಡು ಹೊಡೆಯಲು ಬಡಿದ ಮೊಳೆ ಒಳಗೇ ಉಳಿದು ಗರಗಸದ ಚೈನು ಹರಿಯುತ್ತಿತ್ತು.

ಇನ್ನು ಆ ದಿನದ ವಿಷಯ. ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮುಂಚೆ. ಕಾಮ್‌ಠಿಯಿಂದ ಕನ್ಹಾನ್ ಕಡೆಗಿನ, ನಾಗಪುರದ ಹೊರಗಿನ ಒಂದು ರಸ್ತೆ ಅಗಲ ಮಾಡುತ್ತಿದ್ದೆವು. ಬದಿಯಲ್ಲಿ ಬೇವು, ಜಾಲಿ, ಸುಬಾಬುಲ್. ನಡುವಿನ ಡಿವೈಡರಿನಲ್ಲಿ ಸಾಲಾಗಿ ಕಣಗಿಲೆ. ಗುಲಾಬಿ ಬಣ್ಣದ ಹೂ ಬಿಡುವ ಈ ಗಿಡವನ್ನು ದನ ತಿನ್ನುವುದಿಲ್ಲ, ಬಿಸಿಲಿಗೆ ಸಾಯುವುದಿಲ್ಲ, ಹಾಗಾಗಿ ಎಲ್ಲ ಡಿವೈಡರುಗಳಲ್ಲೂ ಅದೇ. ಅದು ಬೇರಿನಿಂದ ಎಲೆಯವರೆಗೆ ವಿಷ, ಉರಿಸಿದರೆ ಹೊಗೆಯೂ ವಿಷ. ಹಿಂದಿನ ತಿಂಗಳು ಕತ್ತರಿಸಿದ ಕಣಗಿಲೆಯ ಕಡ್ಡಿಗಳು ಡಿವೈಡರಿನ ಮೇಲೆಯೇ ಎಲೆ ಉದುರಿ ಒಣಗಿ ಬಿದ್ದಿದ್ದವು. ಅವನ್ನು ಟಿಪ್ಪರಿನಲ್ಲಿ ಒಯ್ದು ಗುಂಡಿಯಲ್ಲಿ ಹೂಳಬೇಕಿತ್ತು. ಆ ದಿನ ಟಿಪ್ಪರು ಕೆಟ್ಟು ನಿಂತಿತು. ದಾರಿ ಬಿಡಿಸುವ ಅವಸರದಲ್ಲಿ ಜೆಸಿಬಿಯವನು ಡಿವೈಡರಿನ ಕಸವನ್ನೂ ಬದಿಯ ಕೊಂಬೆಗಳನ್ನೂ ಒಂದೇ ರಾಶಿಗೆ ತಳ್ಳಿಬಿಟ್ಟ.

ನಾನು ಆಗ ಇನ್ನೊಂದು ತುದಿಯಲ್ಲಿ ಕರೆಂಟಿನ ಲೈನ್‌ಮನ್ ಜೊತೆ ವಾದ ಮಾಡುತ್ತಿದ್ದೆ. ಹೆಸರು ಬರೆಸಿದ್ದ ಏಳು ಜನ ಕಾದು ನಿಂತಿದ್ದರು. ಯಾರೋ ದೂರದಿಂದ "ಸಾಹೇಬ್, ಒಯ್ಯಲೇ?" ಎಂದು ಸನ್ನೆ ಮಾಡಿದರು. ನಾನು ನೋಡದೆಯೇ ಕೈ ಬೀಸಿದೆ. ಆ ಒಂದು ಕೈಬೀಸಿನ ಬಗ್ಗೆ ಎಷ್ಟು ಸಲ ಯೋಚಿಸಿದ್ದೇನೋ.

ಎರಡು ಗಂಟೆಯ ಹೊತ್ತಿಗೆ ನೀರು ತರಲು ಹೋಗಿದ್ದ ವಿಮಲಾಬಾಯಿ ಬಂದಳು. ಖಾಲಿ ಜಾಗ ನೋಡಿ ನಿಂತಳು.

"ಸಾಹೇಬ್, ಕಣ್ಹೇರ್ ಕುಠೆ ಗೇಲಿ?" ಕಣಗಿಲೆ ಎಲ್ಲಿ ಹೋಯಿತು ಎಂದು ಕೇಳಿದಳು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಎಲ್ಲಕ್ಕಿಂತ ಒಣಗಿದ್ದು ಅದೇ. ಹಾಗಾಗಿ ಮೊದಲು ಒಯ್ದಿರುವುದೂ ಅದನ್ನೇ, ಮೊದಲು ಒಲೆಗೆ ಹಾಕುವುದೂ ಅದನ್ನೇ.

ನೋಟ್‌ಬುಕ್ಕು ತೆಗೆದು ಅವಳಿಗೆ ಹೆಸರುಗಳನ್ನು ಓದಿದೆ. ಅವಳಿಗೆ ಏಳೂ ಮನೆ ಗೊತ್ತಿದ್ದವು. ಇಬ್ಬರೂ ನನ್ನ ಬೈಕ್ ಹತ್ತಿದೆವು. ಆಕೆ ಹಿಂದೆ ಕುಳಿತು ದಾರಿ ಹೇಳುತ್ತ, "ಜಲ್ದಿ, ಸಾಹೇಬ್, ಜಲ್ದಿ" ಎನ್ನುತ್ತಲೇ ಇದ್ದಳು. ಸೈಟಿನ ಪಕ್ಕದ ಓಣಿಯ ಮೂರು ಮನೆಗಳಲ್ಲಿ ಕಟ್ಟಿಗೆ ಇನ್ನೂ ಅಂಗಳದಲ್ಲಿತ್ತು. ವಿಮಲಾಬಾಯಿ ಕುಕ್ಕುರುಗಾಲಲ್ಲಿ ಕುಳಿತು ಕಡ್ಡಿಗಳನ್ನು ಆರಿಸಿ ಬೇರೆ ಮಾಡಿದಳು. ಮೂರನೆಯ ಮನೆಯಲ್ಲಿ ಒಂದು ತೋಳು ತುಂಬ ಕಣಗಿಲೆ ಸಿಕ್ಕಿತು. ಮನೆಯಾಕೆಗೆ ವಿಷಯ ಹೇಳಿದಾಗ ಅವಳು ತನ್ನ ಎರಡೂ ಕೈಯನ್ನು ನೋಡಿಕೊಂಡಳು. ಸೋಪು ಹಚ್ಚಿ ತೊಳೆಯಲು ಹೇಳಿ ಮುಂದೆ ಹೊರಟೆವು.

ನಾಲ್ಕನೆಯದು ಬಂಡೂಭಾವೂನ ಚಹಾದಂಗಡಿ. ದೂರದಿಂದಲೇ ಹೊಗೆ ಕಾಣಿಸಿತು. ಬಂಡೂಭಾವೂ ಒಲೆಯ ಮುಂದೆ ಇರಲಿಲ್ಲ, ಅಂಗಡಿಯ ಹಿಂದೆ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದ. ಗ್ಯಾಸು ಮುಗಿದಿತ್ತಂತೆ, ಒಣ ಕಟ್ಟಿಗೆ ಸಿಕ್ಕಿತೆಂದು ಒಲೆ ಹಚ್ಚಿದನಂತೆ, ತಗಡಿನ ಸಣ್ಣ ಗೂಡಿನಲ್ಲಿ ಅರ್ಧ ಗಂಟೆ ಅದೇ ಹೊಗೆಯಲ್ಲಿ ಕುಳಿತಿದ್ದನಂತೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನ ಹೆಂಡತಿ ನನ್ನನ್ನು ನೋಡಿ, "ಬಿಸಿಲು ತಾಗಿರಬೇಕು, ಸಾಹೇಬ್" ಎಂದಳು. ನಾನು ಒಲೆಯಿಂದ ಕಡ್ಡಿ ಎಳೆದು ನೋಡಿದೆ. ಬಿಸಿಲಲ್ಲ, ಕಣಗಿಲೆ.

ಆಟೊ ನಿಲ್ಲಿಸಿ ಗಂಡ ಹೆಂಡತಿ ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆ. ಒಂದು ಕಣಗಿಲೆಯ ಕಡ್ಡಿಯನ್ನು ನನ್ನ ಫೋನ್ ನಂಬರು ಬರೆದ ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು, "ಡಾಕ್ಟರಿಗೆ ಇದನ್ನು ತೋರಿಸು, ಇದರ ಹೊಗೆ ಕುಡಿದಿದ್ದಾನೆ ಎನ್ನು" ಎಂದೆ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ. ನಿಮ್ಮ ತಪ್ಪನ್ನು ಮುಚ್ಚಿಟ್ಟರೆ ಡಾಕ್ಟರಿಗೆ ಕಾಯಿಲೆ ತಿಳಿಯುವುದಿಲ್ಲ. ಜೊತೆಗೆ ಹೋಗಬೇಕೆಂದು ನನ್ನ ಕಾಲು ಆ ಕಡೆಗೇ ಎಳೆಯುತ್ತಿತ್ತು. ಇನ್ನೂ ಮೂರು ಮನೆ ಉಳಿದಿದ್ದವು.

ಐದನೆಯವನು ಎಮ್ಮೆ ಸಾಕಿದವನು, ರಾಶಿಯನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ. ಎಮ್ಮೆಯ ಮೂತಿಗೂ ಕಣಗಿಲೆಯ ಕಡ್ಡಿಗೂ ಒಂದು ಗೇಣು ಅಂತರ, ಅವನ್ನು ಎಳೆದು ದೂರ ಹಾಕಿದೆವು. ಆರನೆಯದು ಧೋಬಿಯ ಮನೆ, ಅಲ್ಲಿ ಬರೀ ಬೇವು. ಏಳನೆಯ ಹೆಸರು ಕಸ್ತೂರಕ್ಕ.

ಕಸ್ತೂರಕ್ಕ ನಮ್ಮ ಕಡೆಯವಳೇ. ಗಂಡ ಕಾರ್ಖಾನೆಯ ಕೆಲಸಕ್ಕೆಂದು ಇಲ್ಲಿಗೆ ಬಂದವನು ತೀರಿಕೊಂಡ ಮೇಲೆ ಕನ್ಹಾನ್‌ನಲ್ಲೇ ಉಳಿದು, ಜೋಳದ ರೊಟ್ಟಿ ಮಾಡಿ ಸುತ್ತಲಿನ ಕನ್ನಡದ ಮನೆಗಳಿಗೆ, ಒಂಟಿಯಾಗಿದ್ದ ನೌಕರರಿಗೆ ಕೊಡುತ್ತಿದ್ದಳು. ಗ್ಯಾಸಿನ ಮೇಲೆ ರೊಟ್ಟಿ ಉಬ್ಬುವುದಿಲ್ಲ ಎಂದು ಒಲೆಯನ್ನು ಬಿಟ್ಟಿರಲಿಲ್ಲ. ಆ ದಿನ ಕಾಮ್‌ಠಿಯ ಸೈನ್ಯದ ಕ್ವಾರ್ಟರ್ಸಿನಲ್ಲಿ ಒಂದು ಕನ್ನಡದ ಮನೆಯ ತೊಟ್ಟಿಲು ಕಾರ್ಯ. ಸಂಜೆ ಏಳಕ್ಕೆ ನೂರೈವತ್ತು ರೊಟ್ಟಿ ಬೇಕು ಎಂದು ಹೇಳಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವಳ ಹಿತ್ತಿಲಿನಲ್ಲಿ ಹೊಗೆ ಏಳುತ್ತಿದ್ದುದಷ್ಟೇ ನನಗೆ ಕಂಡದ್ದು.

ಬೈಕನ್ನು ಸ್ಟ್ಯಾಂಡ್ ಕೂಡ ಹಾಕದೆ ಬಿಟ್ಟು ಓಡಿದೆ. ಅದು ಬಿದ್ದ ಸಪ್ಪಳ ಕೇಳಿಸಿತು. ಕಸ್ತೂರಕ್ಕ ಒಲೆಯ ಮುಂದೆ ಕುಳಿತು ಹಂಚಿನ ಮೇಲೆ ರೊಟ್ಟಿಗೆ ನೀರು ಸವರುತ್ತಿದ್ದಳು. ಪಕ್ಕದಲ್ಲಿ ದೊಡ್ಡ ಕೊಡ ಇತ್ತು. "ಒಲಿ ಆರಸ್ರಿ, ಒಲಿ ಆರಸ್ರಿ!" ಎಂದು ಕೂಗುತ್ತಲೇ ಆ ಕೊಡವನ್ನು ಎತ್ತಿ ಒಲೆಗೆ ಸುರಿದೆ.

ಬೂದಿಯೂ ನೀರೂ ಮೇಲೆ ಹಾರಿತು. ಬೇಯಿಸಿಟ್ಟಿದ್ದ ರೊಟ್ಟಿಗಳ ಮೇಲೆ, ನಾದಿದ ಹಿಟ್ಟಿನ ಮೇಲೆ, ಅವಳ ಸೀರೆಯ ಮೇಲೆ ಕಪ್ಪು ಕೆಸರು. ಕಸ್ತೂರಕ್ಕ ಮೊದಲು ರೊಟ್ಟಿಗಳನ್ನು ನೋಡಿದಳು. ಆಮೇಲೆ ಎದ್ದಳು.

"ಹುಚ್ಚ ಹಿಡದತೇನ್ರಿ ನಿಮಗ? ಏನ್ ಮಾಡಿದ್ರಿ ಇದು? ಮುಂಜಾನಿಂದ ಬಡದ ರೊಟ್ಟಿ ಅವು!"

"ಕಸ್ತೂರಕ್ಕ, ಕಟಗಿ... ಆ ಕಟಗಿ ವಿಷ ಐತಿ. ಕಣಗಿಲಿ. ನಾನ ಕೊಟ್ಟೀನಿ, ತಪ್ಪಾಗೇತಿ."

ಅವಳು ಒಲೆಯ ಕಡೆ ನೋಡಿದಳು. ವಿಮಲಾಬಾಯಿ ಆಗಲೇ ಬಗ್ಗಿ, ಅರ್ಧ ಸುಟ್ಟ ಕೊಳ್ಳಿಯನ್ನು ಎಳೆದು, ತೊಗಟೆ ಕೆರೆದು ನೋಡಿದಳು. "ಬಾಭೂಳ್" ಎಂದಳು. ಜಾಲಿ. ಎರಡನೆಯದು ಜಾಲಿ. ಮೂರನೆಯದೂ ಜಾಲಿ.

"ಒಲ್ಯಾಗ ಇರೂದು ಹ್ವಾದ ವಾರದ ಜಾಲಿರಿ" ಎಂದಳು ಕಸ್ತೂರಕ್ಕ. ಅವಳ ದನಿ ಇಳಿದಿತ್ತು. ಹಿಂದಕ್ಕೆ ಕೈಚಾಚಿ, ಕೂತಲ್ಲಿಂದಲೇ ಸಿಗುವಷ್ಟು ಹತ್ತಿರ ಇಟ್ಟಿದ್ದ ಒಂದು ಹೊರೆಯನ್ನು ತೋರಿಸಿದಳು. "ನೀವು ಇವತ್ತ ಕೊಟ್ಟಿದ್ದು ಇದು. ಛಲೋ ಒಣಗೇತಿ ಅಂತ ಬಾಜೂಕ ಇಟ್ಟಿದ್ದೆ. ಇನ್ನ ನಾಕ ರೊಟ್ಟಿ ಆಗಿದ್ರ ಇದನ್ನ ಹಚ್ಚಾಕಿ ಇದ್ದೆ."

ಹೊರೆ ತುಂಬ ಕಣಗಿಲೆ.

ನಾನು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟೆ. ನಾಲ್ಕು ರೊಟ್ಟಿ ಬೇಯುವುದಕ್ಕೆ ಎಷ್ಟು ಹೊತ್ತು? ಎಮ್ಮೆಯವನ ಮನೆಯಲ್ಲಿ ಕೊಟ್ಟ ನೀರನ್ನು ಕುಳಿತು ಕುಡಿದಿದ್ದರೆ ಮುಗಿದೇಹೋಗುತ್ತಿತ್ತು. ಕಣ್ಣಲ್ಲಿ ನೀರು ಬಂತು, ಅದನ್ನು ಹೊಗೆಯ ಮೇಲೆ ಹಾಕಲು ಹೊಗೆಯೂ ಉಳಿದಿರಲಿಲ್ಲ. ಕಸ್ತೂರಕ್ಕ ನನ್ನನ್ನು ನೋಡಿ, ಸಿಟ್ಟನ್ನು ಏನು ಮಾಡಬೇಕೋ ತಿಳಿಯದೆ, "ಏಳ್ರಿ ಮ್ಯಾಲೆ, ಧೋತರ ಅಲ್ಲ ಪ್ಯಾಂಟ್ ಅದು, ಕಲಿ ಹೋಗೂದಿಲ್ಲ" ಎಂದಳು.

ಎದ್ದೆ. ಏಳುವಾಗ ತೊಟ್ಟಿಲಿನ ಮನೆಯ ವಿಷಯ ಹೇಳಿದಳು. ಗಂಟೆ ಮೂರಾಗಿತ್ತು. ಇದ್ದ ರೊಟ್ಟಿಗಳೆಲ್ಲ ಹಾಳು, ಡಬ್ಬಿಯಲ್ಲಿ ಉಳಿದ ಹಿಟ್ಟು ಮೂವತ್ತು ರೊಟ್ಟಿಗೂ ಸಾಲದು. ನಾನು ಹೆಂಡತಿ ಸುನಂದಾಳಿಗೆ ಫೋನು ಮಾಡಿದೆ.

"ಮನ್ಯಾಗ ಜ್ವಾಳದ ಹಿಟ್ಟ ಎಷ್ಟ ಐತಿ?"

"ಮೊನ್ನೆ ಬೀಸಿಕೊಂಡು ಬಂದೀನಿ, ಡಬ್ಬಿ ತುಂಬ ಐತಿ. ಯಾಕ?"

"ಅಷ್ಟೂ ತಗೊಂಡ ಕನ್ಹಾನಿಗೆ ಬಾ. ರೊಟ್ಟಿ ಬಡಿಯೂದೈತಿ."

"ನಿಮ್ಮ ರಸ್ತೆ ಕೆಲಸದಾಗ ರೊಟ್ಟಿ ಯಾಕ ಬಂತು?" ಎಂದಳು. ಬಂದ ಮೇಲೆ ಹೇಳುತ್ತೇನೆ ಎಂದೆ. ಆಕೆ ಮೆಟ್ರೋ ಹತ್ತಿ ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಹಿಟ್ಟಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಆಟೊದಲ್ಲಿ ಬರುವ ಹೊತ್ತಿಗೆ ನಾವು ಒಲೆ ಬಳಿದು, ಪಕ್ಕದ ಮನೆಯಿಂದ ಇನ್ನೊಂದು ಹಂಚು ತಂದು, ಒಣಜಾಲಿ ಹಚ್ಚಿದ್ದೆವು. ಕಣಗಿಲೆಯ ಹೊರೆಯನ್ನು ವಿಮಲಾಬಾಯಿ ಗೋಣಿಯಲ್ಲಿ ಕಟ್ಟಿ ಹೊರಗಿಟ್ಟಿದ್ದಳು.

ಸುನಂದಾ ಪೂರ್ತಿ ಕಥೆ ಕೇಳಿದಳು. ಬಳೆ ಮೇಲೇರಿಸಿ ಕಸ್ತೂರಕ್ಕನ ಎದುರು ಕುಳಿತು, "ಬರ್ರಿ ಅಕ್ಕಾ, ನೀವೊಂದು ನಾನೊಂದು" ಎಂದಳು. ಇಬ್ಬರೂ ರೊಟ್ಟಿ ಬಡಿಯತೊಡಗಿದರು. ವಿಮಲಾಬಾಯಿಯೂ ಭಾಕರಿ ಮಾಡುವ ಕೈಯವಳೇ, ಅವಳು ಬೇಯಿಸುವ ಕೆಲಸ ಹಿಡಿದಳು. ನನಗೆ ಒಲೆಗೆ ಕಟ್ಟಿಗೆ ಕೊಡುವ ಕೆಲಸ. ಪ್ರತಿ ಕೊಳ್ಳಿಯನ್ನು ಎರಡು ಸಲ ನೋಡಿ ಕೊಡುತ್ತಿದ್ದೆ. "ಹಿಂಗ ನೋಡಕೋತ ಕುಂತ್ರ ಹಂಚ ಆರತೈತಿ" ಎಂದು ಕಸ್ತೂರಕ್ಕ ಬೈದಳು. ಬೈಸಿಕೊಳ್ಳುವುದು ಅಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆರು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು, ಆಸ್ಪತ್ರೆಯಿಂದಲೇ ಇರಬೇಕು. ಎತ್ತಲು ಧೈರ್ಯವಾಗದೆ ಕೈಯಲ್ಲಿ ಹಿಡಿದೇ ನಿಂತೆ. ಮೂವರು ಹೆಂಗಸರೂ ಕೈ ನಿಲ್ಲಿಸಿದರು. ಕೊನೆಗೆ ಸುನಂದಾಳೇ ಹಿಟ್ಟಿನ ಕೈಯಲ್ಲಿ ಫೋನು ಕಸಿದುಕೊಂಡು ಕಿವಿಗಿಟ್ಟಳು. ಕೇಳಿಸಿಕೊಂಡು, ನನ್ನ ಕಡೆ ಚಾಚಿದಳು.

"ನಿಮಗ ಕೊಡ್ರಿ ಅಂತಾನ."

ಆ ಕಡೆ ಬಂಡೂಭಾವೂನ ದನಿಯೇ. ಎದೆಯ ಪರೀಕ್ಷೆ ಮಾಡಿದ್ದರು, ಸಂಜೆಯವರೆಗೆ ಮಲಗಿಸಿ ನೋಡಿದ್ದರು, ಈಗ ಮನೆಗೆ ಹೋಗು ಎಂದಿದ್ದರು. ಕಡ್ಡಿ ತೋರಿಸಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರಂತೆ. ನಾನು ಕ್ಷಮೆ ಕೇಳಲು ಶುರು ಮಾಡುವುದರೊಳಗೆ ಅವನು, "ಪಾಟೀಲ್ ಸಾಹೇಬ್, ಉದ್ಯಾ ಚಹಾ ಪ್ಯಾಯಲಾ ಯಾ" ಎಂದ. ನಾಳೆ ಚಹಾ ಕುಡಿಯಲು ಬನ್ನಿ ಎಂದು. ಆಮೇಲೆ, ಗ್ಯಾಸಿನ ಮೇಲೆಯೇ ಮಾಡುತ್ತೇನೆ ಎಂದ.

ರೊಟ್ಟಿ ಏಳೂಕಾಲಿಗೆ ತೊಟ್ಟಿಲಿನ ಮನೆ ತಲುಪಿತು. ನೂರೈವತ್ತಕ್ಕೆ ಎಂಟು ಕಡಿಮೆ ಇತ್ತು. ಯಾರೂ ಗಮನಿಸಲಿಲ್ಲವಂತೆ.

ಮರುದಿನ ಬೆಳಿಗ್ಗೆ ನಡೆದದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ ಬರೆದು ಮೇಡಮ್ಮಿಗೆ ಕೊಟ್ಟೆ. ಕಾಳೆ ಸಾಹೇಬರು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು, ಈಗ ಆ ಜಾಗದಲ್ಲಿದ್ದವರು ನನ್ನ ಮಗಳ ವಯಸ್ಸಿನ ಒಬ್ಬ ಇಂಜಿನಿಯರ್. ಟಿಪ್ಪರು ಕೆಟ್ಟಿತ್ತು, ಜೆಸಿಬಿಯವನು ತಳ್ಳಿದ ಎಂದು ಬರೆಯಬಹುದಿತ್ತು. ಬರೆದೆ ಕೂಡ. ಆದರೆ ಕೊನೆಯಲ್ಲಿ "ನಾನು ನೋಡದೆ ಅನುಮತಿ ಕೊಟ್ಟೆ" ಎಂದೂ ಬರೆದೆ. ಅವರು ಎರಡು ಸಲ ಓದಿದರು.

"ಏಳೂ ಮನೆಗೆ ನೀವೇ ಹೋಗಿದ್ದಿರಾ?" ಎಂದು ಹಿಂದಿಯಲ್ಲಿ ಕೇಳಿದರು.

"ಹೌದು ಮೇಡಂ."

"ಹೆಸರು ಬರೆದಿಟ್ಟುಕೊಂಡಿರದಿದ್ದರೆ?"

ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅದು ನ್ಯಾಯವೇ. ನೌಕರಿ ಹೋಗುತ್ತದೆಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದವನಿಗೆ ಆ ಪತ್ರ ಹಗುರವಾಗಿಯೇ ಕಂಡಿತು. ಅದೇ ವಾರ ಹೊಸ ಆದೇಶವೂ ಬಂತು. ಡಿವೈಡರಿನ ಗಿಡ ತೆಗೆಯುವ ದಿನ ಬದಿಯ ಮರ ಕಡಿಯುವಂತಿಲ್ಲ. ಕಣಗಿಲೆ ನೆಲ ಮುಟ್ಟದೆ ನೇರ ಟಿಪ್ಪರಿಗೆ ಹೋಗಬೇಕು, ಟಿಪ್ಪರು ಇಲ್ಲದಿದ್ದರೆ ಕೆಲಸವೇ ನಿಲ್ಲಬೇಕು. ಕಟ್ಟಿಗೆ ಕೊಡುವಾಗ ಮೇಲ್ವಿಚಾರಕ ರಾಶಿಯ ಪಕ್ಕದಲ್ಲೇ ನಿಂತಿರಬೇಕು. ನಿಮಗೆ ಇವತ್ತು ಈ ನಿಯಮಗಳು ಕಿರಿಕಿರಿ ಎನ್ನಿಸಿದರೆ, ಅವು ಹುಟ್ಟಿದ್ದು ಹೀಗೆ.

ಕಸ್ತೂರಕ್ಕ ಇನ್ನು ನಮ್ಮ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಹತ್ತು ದಿನದ ಮೇಲೆ ಮಧ್ಯಾಹ್ನ ಊಟದ ಹೊತ್ತಿಗೆ ತಳ್ಳುಗಾಡಿ ತಳ್ಳಿಕೊಂಡು ಬಂದಳು. ಹೆಸರು ಬರೆಸಿದಳು. ತನ್ನ ಸರದಿ ಬಂದಾಗ ರಾಶಿಯ ಮುಂದೆ ಕುಳಿತು, ನನ್ನನ್ನೂ ಎದುರಿಗೆ ಕೂರಲು ಹೇಳಿದಳು. ಒಂದು ಕೊಂಬೆ ಎತ್ತಿ ಹಿಡಿದಳು.

"ಇದು?"

"ಬೇವು."

"ಇದು?"

"ಜಾಲಿ."

"ಇದು?"

ನಾನು ಕೈಗೆ ತೆಗೆದುಕೊಂಡು, ತೊಗಟೆ ಕೆರೆದು, ಮೂಸಿ ನೋಡಿದೆ. "ಸುಬಾಬುಲ್."

ಗ್ಯಾಂಗಿನವರು ಊಟ ಬಿಟ್ಟು ನೋಡುತ್ತಿದ್ದರು. ಯಾರೋ ನಕ್ಕರು. ಅವಳು ನಗಲಿಲ್ಲ, ನಾನೂ ನಗಲಿಲ್ಲ. ಇಡೀ ರಾಶಿ ಮುಗಿಯುವವರೆಗೆ ಒಂದೊಂದನ್ನೇ ಎತ್ತಿದಳು, ಒಂದೊಂದಕ್ಕೂ ನನ್ನ ಬಾಯಿಂದ ಹೆಸರು ಹೇಳಿಸಿದಳು. ಆಮೇಲೆ ಎಲ್ಲವನ್ನೂ ಗಾಡಿಗೆ ಹೇರಿ, ಹಗ್ಗ ಬಿಗಿದು, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಹಂಗಾರ ಹಚ್ಚಲೇನ್ರಿ ಒಲಿ?"

"ಹಚ್ರಿ, ಕಸ್ತೂರಕ್ಕ" ಎಂದೆ.